ಶೆರ್ಪಾ ಎಂಬುದು ಕೆಲಸದ ಹೆಸರಲ್ಲ: ಒಂದು ಸ್ಪಷ್ಟನೆ

ಎವರೆಸ್ಟ್ ಏರುವವರ ಸಾಮಾನು ಹೊರುವ ಕೂಲಿಯಾಳುಗಳನ್ನು ನೇಪಾಳದಲ್ಲಿ ‘ಶೆರ್ಪಾ’ ಎನ್ನುತ್ತಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಶೆರ್ಪಾ ಎಂಬುದು ಒಂದು ಜನಾಂಗದ ಹೆಸರು. ‘ಪೂರ್ವದ ಜನ’ ಎಂಬ ಅರ್ಥದ ಹೆಸರು ಹೊತ್ತ ಇವರು ಶತಮಾನಗಳ ಹಿಂದೆ ಟಿಬೆಟಿನಿಂದ ಬಂದು ನೇಪಾಳದ ಎವರೆಸ್ಟ್ ಸೀಮೆಯಾದ ಸೋಲುಖುಂಬು ಮೊದಲಾದ ಕಡೆ ನೆಲೆಸಿದವರು. ಕೃಷಿ, ಯಾಕ್ ಸಾಕಣೆ, ವ್ಯಾಪಾರ ಅವರ ಹಳೆಯ ಬದುಕು. ಹೊರೆ ಹೊರುವವರೆಲ್ಲರೂ ಶೆರ್ಪಾಗಳಲ್ಲ, ರಾಯ್ ಮತ್ತು ತಮಾಂಗ್ ಸಮುದಾಯದವರೂ ಬಹಳಷ್ಟಿದ್ದಾರೆ.

ಎತ್ತರದ ಶಿಖರಗಳಲ್ಲಿ ಶೆರ್ಪಾಗಳು ಮಾಡುವ ಕೆಲಸವನ್ನು ಬರೀ ಹೊರೆ ಎನ್ನುವುದಂತೂ ಅನ್ಯಾಯ. ಎವರೆಸ್ಟ್ ಹಾದಿಯಲ್ಲಿ ಹಿಮನದಿ ಕಡಿದಾಗಿ ಇಳಿಯುತ್ತ ಒಡೆದುಹೋಗಿರುವ, ಸದಾ ಜರುಗುತ್ತಲೇ ಇರುವ ಖುಂಬು ಐಸ್‌ಫಾಲ್‌ನ ಬಿರುಕುಗಳಿಗೆ ಏಣಿ ಜೋಡಿಸಿ, ಶಿಖರದವರೆಗೆ ಹಗ್ಗ ಬಿಗಿದು, ಮೇಲಿನ ಶಿಬಿರಗಳಿಗೆ ಆಮ್ಲಜನಕದ ಸಿಲಿಂಡರ್ ಸಾಗಿಸಿ, ಹಣ ಕೊಟ್ಟು ಬಂದವರನ್ನು ಜೀವಂತವಾಗಿ ಕೆಳಗಿಳಿಸುವ ಹೊಣೆ ಹೆಚ್ಚಾಗಿ ಅವರದೇ. 2014ರ ಏಪ್ರಿಲ್ 18ರಂದು ಆ ಐಸ್‌ಫಾಲ್‌ನಲ್ಲಿ ಹಿಮ ಕುಸಿದು ಸತ್ತ 16 ಮಂದಿಯೂ ನೇಪಾಳಿ ಕೆಲಸಗಾರರು. ಅವರಲ್ಲಿ ಹೆಚ್ಚಿನವರು ಶೆರ್ಪಾಗಳು.

ಅವರು ಪರರಿಗಾಗಿ ಮಾತ್ರ ಏರುತ್ತಾರೆಂಬ ಮಾತೂ ನಿಲ್ಲದು. 8,611 ಮೀಟರ್ ಎತ್ತರದ ಕೆ2 ಶಿಖರವನ್ನು 2021ರ ಜನವರಿ 16ರಂದು, ಚಳಿಗಾಲದಲ್ಲಿ ಮೊದಲ ಬಾರಿಗೆ ಏರಿದ ಹತ್ತು ನೇಪಾಳಿಗಳಲ್ಲಿ ಒಂಬತ್ತು ಮಂದಿ ಶೆರ್ಪಾಗಳು. ಹತ್ತನೆಯವರಾದ ನಿರ್ಮಲ್ ಪುರ್ಜಾ ಮಗರ್ ಸಮುದಾಯದವರು.