ಕೂಗುವ ಬುಷ್, ಕೂಗದ ಬಾಲ್ ಜಾಯಿಂಟ್

ಹದಿನೈದು ವರ್ಷ ತುಂಬಿದ ಕಾರಿಗೆ ಆರ್‌ಟಿಒದವರು ಇನ್ನೂ ಐದು ವರ್ಷ ಆಯುಷ್ಯ ಬರೆದು ಕಳಿಸುತ್ತಾರೆ. ಈ ವಿಷಯವನ್ನು ಅದರ ಸಸ್ಪೆನ್ಷನ್ನಿನ, ಅಂದರೆ ಚಕ್ರಗಳನ್ನು ಬಾಡಿಗೆ ಜೋಡಿಸಿ ಕುಲುಕಾಟ ತಡೆಯುವ ಏರ್ಪಾಟಿನ, ರಬ್ಬರ್ ಬುಷ್‌ಗಳಿಗೆ ಯಾರೂ ತಿಳಿಸಿರುವುದಿಲ್ಲ. ಅವು ತಮ್ಮ ಪಾಡಿಗೆ ಸವೆಯುತ್ತಿರುತ್ತವೆ. ಒಂದು ಭಾನುವಾರ ಹಂಪ್ ಇಳಿಯುವಾಗ ಮುಂದಿನ ಎಡಗಡೆಯಿಂದ ‘ಟಕ್’ ಅನ್ನುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಅದು ಕೇಳಿಸುವುದಿಲ್ಲ, ಕೇಳಿಸಿದರೂ ಒಪ್ಪುವುದಿಲ್ಲ. ಹಿಂದಿನ ಸೀಟಿನಲ್ಲಿ ಪಾಯಸದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಅತ್ತೆಯವರಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಆಗ ಆಗುವ ಮೊದಲ ರಿಪೇರಿಯೆಂದರೆ ಸ್ಟೀರಿಯೋ ಸೌಂಡು ಏರಿಸುವುದು. ಎರಡನೆಯದು, “ಹೇಗೂ ಮುಂದಿನ ವರ್ಷ ಮಾರ್ತೀವಲ್ಲ” ಅನ್ನುವುದು. ಆ ಮುಂದಿನ ವರ್ಷವನ್ನೇ ನಂಬಿಕೊಂಡು ಎಷ್ಟೋ ಆಲ್ಟೊ, ಸ್ಯಾಂಟ್ರೊ, ಇಂಡಿಕಾಗಳು ಹತ್ತು ವರ್ಷದಿಂದ ಓಡುತ್ತಲೇ ಇವೆ.

ಕೊನೆಗೆ ಗ್ಯಾರೇಜಿಗೆ ಹೋದರೆ ಸದ್ದೇ ಬರುವುದಿಲ್ಲ. ಇದರಲ್ಲಿ ಕಾರಿನ ಕುತಂತ್ರವೇನೂ ಇಲ್ಲ. ಸದ್ದು ಬಂದದ್ದು ಐದು ಜನ ಕೂತಿದ್ದಾಗ, ಬೆಳಗಿನ ಚಳಿಯಲ್ಲಿ, ಒಂದೇ ಚಕ್ರ ಗುಂಡಿಗೆ ಇಳಿದಾಗ. ಮೆಕ್ಯಾನಿಕ್ ಒಬ್ಬರೇ ಕೂತು, ಮಧ್ಯಾಹ್ನದ ಬಿಸಿಲಲ್ಲಿ, ಡಾಂಬರು ನುಣ್ಣಗಿರುವ ಕಡೆ ಒಂದು ಸುತ್ತು ಹೊಡೆದು ಬಂದು “ಏನಿಲ್ಲ ಬಿಡಿ ಸಾರ್, ಇನ್ನೂ ಎರಡು ವರ್ಷ ಓಡುತ್ತೆ” ಅನ್ನುತ್ತಾರೆ. ಅಷ್ಟೇ ಜನರನ್ನು ಕೂರಿಸಿಕೊಂಡು, ಅದೇ ರಸ್ತೆಯಲ್ಲಿ, ಮೆಕ್ಯಾನಿಕ್ಕನ್ನು ಪಕ್ಕದ ಸೀಟಿಗೆ ಹತ್ತಿಸಿಕೊಂಡು ಹೋದರೆ ಅರ್ಧ ಪತ್ತೆ ಕೆಲಸ ಮುಗಿದ ಹಾಗೆ.

ಸದ್ದಿಗೂ ಜಾತಕವಿದೆ. ಸಣ್ಣಪುಟ್ಟ ಉಬ್ಬುತಗ್ಗುಗಳ ಮೇಲೆ ನಿಧಾನಕ್ಕೆ ಹೋಗುವಾಗ ‘ಕಟ್ ಕಟ್’ ಅಂದರೆ ಹೆಚ್ಚಾಗಿ ಲಿಂಕ್ ರಾಡ್, ಇಲ್ಲವೇ ಆ ರಾಡ್ ಹಿಡಿದಿರುವ, ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಮೀಟಿದಂತೆ ‘ಟೊಂಯ್’ ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಸ್ಟ್ರಟ್ಟಿನ ತಲೆಯಲ್ಲಿರುವ ಬೇರಿಂಗ್ ಹಿಡಿದುಕೊಂಡಿದೆ. ಬ್ರೇಕ್ ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು ‘ಟಕ್’ ಬಂದರೆ ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿಡುವ ಲೋವರ್ ಆರ್ಮಿನ ಬುಷ್ ನೋಡಿಸಿ. ಪೂರ್ತಿ ತಿರುಗಿಸಿ ಕಾರು ಮುಂದೆ ಹೋಗುವಾಗ ‘ಕಟಕಟಕಟ’ ಅಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟ್. ಸಸ್ಪೆನ್ಷನ್ನಿಗೂ ಅದಕ್ಕೂ ಸಂಬಂಧವಿಲ್ಲ. ಇಂಜಿನ್ ಮೌಂಟ್, ಸೈಲೆನ್ಸರ್ ತೂಗುವ ರಬ್ಬರ್, ಸೀಟಿನಡಿ ಉರುಳುವ ನೀರಿನ ಬಾಟಲಿ, ಇವು ಮೂರೂ ಸೇರಿ ಶಾಕ್ ಅಬ್ಸಾರ್ಬರ್ ಮೇಲೆ ಹೊರಿಸಿರುವ ಸುಳ್ಳು ಕೇಸುಗಳಿಗೆ ಲೆಕ್ಕವಿಲ್ಲ.

ಆದರೆ ಯಾವ ಪಾರ್ಟನ್ನು ಯಾವಾಗ ಬದಲಿಸಬೇಕು ಅನ್ನುವುದನ್ನು ಸದ್ದಿನ ಮೇಲೆ ತೀರ್ಮಾನಿಸಿದರೆ ಕೆಟ್ಟಿರಿ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಮಾತು ಇಲ್ಲಿ ಬಹುಮಟ್ಟಿಗೆ ನಿಜ. ಊರೆಲ್ಲ ಕೇಳುವಂತೆ ಬಡಿದುಕೊಳ್ಳುವ ಲಿಂಕ್ ರಾಡ್ ಮುರಿದೇ ಹೋದರೂ ತಿರುವಿನಲ್ಲಿ ಕಾರು ಸ್ವಲ್ಪ ಹೆಚ್ಚು ವಾಲುತ್ತದೆ, ಅಷ್ಟೆ. ನಿಧಾನವಾಗಿ ಮನೆ ಮುಟ್ಟಬಹುದು. ಲೋವರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ, ಗೂಡಿನೊಳಗೆ ಗುಂಡು ಕೂತಿರುವ ಬಾಲ್ ಜಾಯಿಂಟ್ ಹಾಗಲ್ಲ. ಅದರ ರಬ್ಬರ್ ಟೋಪಿ ಹರಿದು, ಕೆಸರು ನೀರು ಒಳಗಿಳಿದು, ಗ್ರೀಸ್ ತೊಳೆದುಹೋಗಿ, ಗುಂಡು ತುಕ್ಕು ಹಿಡಿದು ಸವೆಯುವಷ್ಟು ದಿನವೂ ಬಾಯಿ ಬಿಡದೆ ಇದ್ದುಬಿಡಬಹುದು. ಗುಂಡು ಗೂಡಿನಿಂದ ಕಳಚಿತೆಂದರೆ ಚಕ್ರ ಮಗುಚಿಕೊಂಡು ಕಾರು ನಡುರಸ್ತೆಯಲ್ಲಿ ಮಂಡಿಯೂರುತ್ತದೆ. ಗೇಟಿನಿಂದ ರಿವರ್ಸ್ ತೆಗೆಯುವಾಗ ಆದರೆ ಪುಣ್ಯ, ಘಾಟಿಯಲ್ಲಿ ಆದರೆ ಹೇಳಲಾಗದು.

ಹಾಗಾಗಿ ಮೊದಲ ಪರೀಕ್ಷೆ ಅದಕ್ಕೇ. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಬಾಡಿ ಕೆಳಗೆ ಸ್ಟ್ಯಾಂಡ್ ಕೊಡಿ. ಟೈರನ್ನು ಗಡಿಯಾರದ 12 ಮತ್ತು 6 ಇರುವ ಕಡೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಹೆಚ್ಚಾಗಿ ಬಾಲ್ ಜಾಯಿಂಟ್. 9 ಮತ್ತು 3 ಹಿಡಿದಾಗ ಮಾತ್ರ ಆಟ ಸಿಕ್ಕಿದರೆ ಸ್ಟೀರಿಂಗ್ ತಿರುಗಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ಇವುಗಳಲ್ಲಿ ಯಾವುದಕ್ಕೂ ಮುಂದಿನ ತಿಂಗಳ ಸಂಬಳ ಕಾಯುವ ಹಕ್ಕಿಲ್ಲ. ಮುರಿದ ಸ್ಪ್ರಿಂಗಿಗೂ ಇಲ್ಲ. ಅದರ ಚೂಪು ತುದಿ ಟೈರಿಗೆ ತಾಗಲು ಒಂದು ಗುಂಡಿ ಸಾಕು.

ಶಾಕ್ ಅಬ್ಸಾರ್ಬರ್ ವಿಚಾರಕ್ಕೆ ಬಂದರೆ ಎಲ್ಲರೂ ಪಂಡಿತರೇ. ಪಕ್ಕದ ಮನೆಯ ಅಂಕಲ್ ಬಂದು ಬಾನೆಟ್ ಮೂಲೆಯನ್ನು ಒತ್ತಿ ಬಿಟ್ಟು, ಕಾರು ಎಷ್ಟು ಸಲ ಕುಣಿಯಿತು ಅಂತ ಎಣಿಸಿ ತೀರ್ಪು ಕೊಡುತ್ತಾರೆ. ಒಮ್ಮೆ ಎದ್ದು ಕೂತರೆ ಸರಿ, ಎರಡು ಮೂರು ಸಲ ತೂಗಿದರೆ ಶಾಕ್ ಸತ್ತಿದೆ ಅನ್ನುವುದು ನಿಜವೇ. ಆದರೆ ಈ ಪರೀಕ್ಷೆಯಲ್ಲಿ ಫೇಲಾಗುವುದು ಪೂರ್ತಿ ಸತ್ತದ್ದು ಮಾತ್ರ, ಅರ್ಧ ಸತ್ತದ್ದು ಪಾಸಾಗಿಬಿಡುತ್ತದೆ. ಟೈರನ್ನು ಕೇಳುವುದು ವಾಸಿ. ಅಂಗೈಯನ್ನು ಟೈರಿನ ಸುತ್ತ ಸವರಿದಾಗ ಅಲ್ಲಲ್ಲಿ ತಗ್ಗುದಿಣ್ಣೆ ಸಿಕ್ಕಿದರೆ, ಚಕ್ರ ರಸ್ತೆ ಬಿಟ್ಟು ಬಿಟ್ಟು ಕುಪ್ಪಳಿಸಿದೆ ಅಂತ ಅರ್ಥ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕಡೆ ನೋಡಿ. ಶಾಕಿನ ಮೈಮೇಲೆ ಧೂಳು ಹಿಡಿದ ತೆಳುವಾದ ಎಣ್ಣೆಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಕೆಳಗಿನವರೆಗೆ ಇಳಿದು ಹಸಿಯಾಗಿದ್ದರೆ ಸೀಲ್ ಹೋಗಿದೆ.

80,000 ಕಿ.ಮೀ.ಗೆ ಶಾಕ್ ಬದಲಿಸಬೇಕೆಂಬ ಲೆಕ್ಕವೊಂದು ಎಲ್ಲ ಕಡೆ ಓಡಾಡುತ್ತದೆ. ಅದನ್ನು ಬರೆದವರು ಮಳೆಗಾಲದ ಶಿರಾಡಿ ಘಾಟಿಯಲ್ಲಿ ಬಂದವರಲ್ಲ. ರಸ್ತೆಯ ಹಂಪ್ ಹಾಕಲೂ ಒಂದು ಶಾಸ್ತ್ರವಿದೆ: ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ನಮ್ಮ ಬಡಾವಣೆಗಳಿಗೆ ಬರುವಷ್ಟರಲ್ಲಿ ಎತ್ತರ ಹಾಗೇ ಉಳಿದು ಅಗಲ ಒಂದು ಮೊಳಕ್ಕೆ ಇಳಿದಿದೆ. ಆದ್ದರಿಂದ ಓಡಿದ ಕಿಲೋಮೀಟರನ್ನು ನೆಚ್ಚಿಕೊಳ್ಳದೆ ಪಾರ್ಟಿನ ಮುಖ ನೋಡಿ. ರಬ್ಬರಂತೂ ಕಾರು ನಿಂತಲ್ಲೇ ನಿಂತಿದ್ದರೂ ವಯಸ್ಸಾಗಿ ಗಟ್ಟಿಯಾಗುತ್ತದೆ. ಬುಷ್ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕಿದ್ದರೆ ಓಡಲಿ ಬಿಡಿ. ರಬ್ಬರ್ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡಿದ್ದರೆ ತೆಗೆಸಿ. ಮಾರುತಿ 800 ಇಟ್ಟುಕೊಂಡವರು ಇನ್ನೊಂದು ಗಮನಿಸಬೇಕು. ಅದರಲ್ಲಿ ಲೋವರ್ ಆರ್ಮ್ ಹಿಂದೆಮುಂದೆ ಸರಿಯದಂತೆ ಹಿಡಿದಿಡುವುದು ಸ್ಟೆಬಿಲೈಸರ್ ಬಾರೇ. ಬೇರೆ ಕಾರಿನಲ್ಲಿ ಬರೀ ಕಿರಿಕಿರಿ ಅನಿಸುವ ಬಾರಿನ ಬುಷ್ ಇಲ್ಲಿ ಸವೆದರೆ, ಬ್ರೇಕ್ ಹಾಕಿದಾಗ ಚಕ್ರವೇ ಜಾಗ ಬದಲಿಸುತ್ತದೆ.

ಇನ್ನು ಖರ್ಚು. “ಫುಲ್ ಸೆಟ್ ಹಾಕ್ಬಿಡಿ ಸಾರ್” ಅನ್ನುವ ಮೆಕ್ಯಾನಿಕ್ಕೂ, “ಎಡಗಡೆ ಒಂದೇ ಹಾಕಿ” ಅನ್ನುವ ಯಜಮಾನರೂ ಇಬ್ಬರೂ ತಪ್ಪು. ಶಾಕ್ ಜೋಡಿಯಾಗಿಯೇ ಹಾಕಬೇಕು: ಮುಂದಿನವೆರಡು, ಇಲ್ಲವೇ ಹಿಂದಿನವೆರಡು. ಒಂದು ಹೊಸದು ಒಂದು ಹಳೆಯದಾದರೆ ಬ್ರೇಕ್ ಹಾಕಿದಾಗ ಎರಡು ಕಡೆ ಎರಡು ಥರ ವರ್ತಿಸುತ್ತವೆ. ಮುಂದಿನ ಸ್ಟ್ರಟ್ ಬಿಚ್ಚಿದ ಮೇಲೆ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಸವೆದಿದ್ದರೆ ಜೊತೆಗೇ ಹಾಕಿಸಿ; ಬಿಚ್ಚುವ ಕೂಲಿ ಒಂದೇ. ಸ್ಪ್ರಿಂಗ್ ಮಾತ್ರ ಸುಮ್ಮನೆ ಬದಲಿಸಬೇಡಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಎಡಬಲ ಅಳೆಯಿರಿ. ವ್ಯತ್ಯಾಸ ಒಂದೂವರೆ ಸೆಂ.ಮೀ. ದಾಟಿದರೆ ಮಾತ್ರ ಅನುಮಾನಿಸಿ. ಸ್ಟ್ರಟ್ಟಿನಿಂದ ಸ್ಪ್ರಿಂಗ್ ಬಿಡಿಸುವ ಕೆಲಸವನ್ನು ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಎಲ್ಲಿಗೆ ಹಾರುತ್ತದೆಂದು ನೋಡಲು ನೀವಿರಬೇಕಲ್ಲ.

ಬೆಂಗಳೂರಿನವರಾದರೆ ಕಾರಿನ ಪಾರ್ಟು ಮಾರುವ ಜೆ.ಸಿ. ರಸ್ತೆಯಲ್ಲಿ ಒಂದೇ ಲೋವರ್ ಆರ್ಮಿಗೆ ನಾಲ್ಕು ಬೆಲೆ ಕೇಳಿ ತಲೆ ತಿರುಗುವುದು ಖಂಡಿತ. ಬುಷ್ಷಿನಲ್ಲಿ ಬೇಕಾದರೆ ಚೌಕಾಸಿ ಮಾಡಿ, ಬಾಲ್ ಜಾಯಿಂಟಿನಲ್ಲಿ ಬೇಡ.

ಕಟ್ಟುವಾಗ ಹತ್ತಿರ ನಿಂತಿರಿ. ಆರ್ಮ್ ಬುಷ್ಷಿನ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದದ್ದು ಕಾರು ತನ್ನ ಚಕ್ರದ ಮೇಲೆ ನಿಂತ ನಂತರ. ಚಕ್ರ ನೇತಾಡುತ್ತಿದ್ದಾಗಲೇ ಬಿಗಿದರೆ ಕಾರು ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಹೊಸ ಬುಷ್ ಬೇಗ ಹರಿದಾಗ ಕಂಪನಿಯನ್ನು ಬೈಯುವವರಲ್ಲಿ ಎಷ್ಟೋ ಜನ ಬೈಯಬೇಕಾದದ್ದು ಈ ಸ್ಪಾನರನ್ನು. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿಸಿ.

ಇಷ್ಟೆಲ್ಲ ಆಗಿ ಕಾರು ಗ್ಯಾರೇಜಿನಿಂದ ಹೊರಟ ಮೊದಲ ಹಂಪಿನಲ್ಲೇ ಹಿಂದುಗಡೆಯಿಂದ ‘ಟಕ್’ ಅಂದರೆ ವಾಪಸು ತಿರುಗಿಸುವ ಮುಂಚೆ ಡಿಕ್ಕಿ ತೆರೆಯಿರಿ. ಕಾರು ಎತ್ತಲು ತೆಗೆದ ಜಾಕನ್ನು ಅದರ ಗೂಡಿಗೆ ಸಿಕ್ಕಿಸದೆ ಸ್ಟೆಪ್ನಿ ಪಕ್ಕಕ್ಕೆ ಎಸೆದಿರುತ್ತಾರೆ.