ಫ್ರಿಜ್ಜಿಗೆ ಇಷ್ಟವಾದದ್ದೇ ನಮಗೂ ಇಷ್ಟ

ಕೋಲಾ ಬಾಟಲಿಯ ಮೇಲೆ 20 ರೂಪಾಯಿ ಅಂತ ಅಚ್ಚಾಗಿರುತ್ತದೆ. ಅಂಗಡಿಯವರು 22 ಕೇಳುತ್ತಾರೆ. ಯಾಕೆ ಅಂದರೆ, "ಥಂಡ ಮಾಡಿ ಇಟ್ಟೇವಲ್ರಿ" ಅನ್ನುತ್ತಾರೆ. ವಿಜಯಪುರದಲ್ಲಿ, ಏಪ್ರಿಲ್ ಬಿಸಿಲಲ್ಲಿ, ಬಸ್ಸಿಗೆ ಕಾಯುತ್ತ ನಿಂತವನಿಗೆ ಇದು ನ್ಯಾಯವೇ ಅನ್ನಿಸಿಬಿಡುತ್ತದೆ. ಪಾಪ, ಖಾನಾವಳಿಯವರಿಗೆ ಇನ್ನೂ ಈ ಬುದ್ಧಿ ಬಂದಿಲ್ಲ. ರೊಟ್ಟಿಗೊಂದು ದರ, ರೊಟ್ಟಿ ಬಿಸಿ ಇದ್ದರೆ ಮೇಲೆ ಎರಡು ರೂಪಾಯಿ ಅಂತ ಬೋರ್ಡ್ ಹಾಕಬಹುದಿತ್ತು.

ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದರ ಮೇಲೆ ಒಂದು ರೂಪಾಯಿ ತಗೊಂಡರೂ ತಪ್ಪು ಎಂದು ಕಾನೂನು ಹೇಳುತ್ತದೆ. ದೂರು ಕೊಡಲು 1915 ಎಂಬ ನಂಬರೂ ಇದೆ. ಎರಡು ರೂಪಾಯಿಗೆ ಯಾರು ಫೋನ್ ಹಚ್ಚುತ್ತಾರೆ? ಯಾರೂ ಹಚ್ಚುವುದಿಲ್ಲ. ಇದು ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇಷ್ಟು ಸಮಾಧಾನದಿಂದ ಎರಡು ರೂಪಾಯಿ ಬಿಟ್ಟುಕೊಟ್ಟ ಜನವೇ, ಮುಚ್ಚಳ ತಿರುಗಿಸಿದ ಕೂಡಲೇ ಜಗಳಕ್ಕೆ ನಿಲ್ಲುತ್ತಾರೆ. ಥಮ್ಸಪ್ ಚಲೋನೋ, ಪೆಪ್ಸಿ ಚಲೋನೋ? "ಪೆಪ್ಸಿ ಅಂದ್ರ ಸಕ್ಕರಿ ನೀರು. ಥಮ್ಸಪ್ ಕುಡದ್ರ ಮೂಗಿಗೆ ಝಣ್ ಅಂತೈತಿ ನೋಡು" ಅಂತ ಒಬ್ಬ. "ಮೂಗಿಗೆ ಝಣ್ ಅನ್ನಾಕ ಮೆಣಸಿನಕಾಯಿ ತಿನ್ನಲೇ" ಅಂತ ಇನ್ನೊಬ್ಬ. ಊರ ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬ ವಿಷಯದಲ್ಲಿ ಈ ಇಬ್ಬರೂ ಇಷ್ಟು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ.

ನಿಜವಾದ ತಮಾಷೆ ಅಂದರೆ ಆಯ್ಕೆ ಮಾಡಿದ್ದು ಇವರಿಬ್ಬರೂ ಅಲ್ಲ.

"ಕಾಕಾ, ಥಮ್ಸಪ್ ಕೊಡ್ರಿ."

"ಇಲ್ಲಪಾ, ಪೆಪ್ಸಿ ಐತಿ ನೋಡು."

"ಯಾಕ್ರಿ, ತರಿಸಂಗಿಲ್ಲೇನು?"

"ತರಿಸ್ತಿದ್ನೆಪಾ. ಫ್ರಿಜ್ ಅವರದ ಐತಲ್ಲ."

ಕಂಪನಿ ಫ್ರಿಜ್ ಕೊಡುತ್ತದೆ. ಆ ಫ್ರಿಜ್ಜಿನಲ್ಲಿ ಅವರ ಮಾಲು ಮಾತ್ರ ಇರಬೇಕು. ಪಕ್ಕದ ಅಂಗಡಿಗೆ ಎದುರಾಳಿ ಕಂಪನಿಯ ಫ್ರಿಜ್. ಅಲ್ಲಿ ಇವರ ಬಾಟಲಿಗೆ ಪ್ರವೇಶವಿಲ್ಲ. ನಾವು ಯಾವ ಅಂಗಡಿಯ ನೆರಳಲ್ಲಿ ನಿಂತೆವೋ ಅದರ ಮೇಲೆ ನಮ್ಮ ರುಚಿ ನಿರ್ಧಾರವಾಗುತ್ತದೆ. ಆಮೇಲೆ ಅದಕ್ಕೆ 'ನನಗ ಮೊದಲಿಂದ್ಲೂ ಇದ ಸೇರತೈತಿ' ಅಂತ ಹೆಸರು. ಮೊಸರಿಟ್ಟುಕೊಳ್ಳೋಣ ಅಂದರೂ ಅಂಗಡಿಯ ಕಾಕಾ ಸೇಲ್ಸ್‌ಮನ್ ಬರುವ ದಿನ ನೋಡಿ, ಬಾಟಲಿಗಳ ಹಿಂದೆ ಬಚ್ಚಿಡಬೇಕು.

ಇದಕ್ಕಿಂತ ದೊಡ್ಡ ಜಗಳ ಲಗ್ನದ ಮನೆಯಲ್ಲಿ. ಗಂಡಿನ ಕಡೆಯವರು ಥಮ್ಸಪ್ ಎಂದಿದ್ದರು, ಹೆಣ್ಣಿನ ಕಡೆಯವರು ಕೋಕ್ ಇಟ್ಟರು ಅಂದುಕೊಳ್ಳಿ. ಬೀಗರ ಮುಖ ನೋಡಬೇಕು. ಮರ್ಯಾದೆ ಪ್ರಶ್ನೆ! ಹಿರಿಯರು ನಡುವೆ ಬಂದು, "ಇರಲಿ ಬಿಡ್ರಿ ಬೀಗರ" ಅನ್ನುವ ತನಕ ಊಟಕ್ಕೆ ಎಲೆ ಹಾಕುವುದಿಲ್ಲ. ಆದರೆ ಇವೆರಡೂ ಒಂದೇ ಮನೆಯ ಮಾಲು. ಕೋಕಾ ಕೋಲಾ 1993ರಲ್ಲಿ ಭಾರತಕ್ಕೆ ವಾಪಸ್ ಬಂದಾಗ ಪಾರ್ಲೆಯಿಂದ ಥಮ್ಸಪ್, ಲಿಮ್ಕಾ, ಗೋಲ್ಡ್‌ಸ್ಪಾಟ್, ಮಾಝಾ ಎಲ್ಲವನ್ನೂ ಕೊಂಡಿತು. ಅಂದರೆ ಮೂವತ್ತು ವರ್ಷಕ್ಕೂ ಮೇಲಾಯಿತು, ಬೀಗರು ಬೀಗರು ಬಡಿದಾಡುತ್ತಿದ್ದಾರೆ, ಗಲ್ಲಾಪೆಟ್ಟಿಗೆ ಒಂದೇ.

ವಾಪಸ್ ಬಂದಾಗ ಅಂದೆನಲ್ಲ, ಹೋಗಿದ್ದು ಯಾಕೆ ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲದಿರಬಹುದು. 1977ರಲ್ಲಿ ಜನತಾ ಸರ್ಕಾರ ಬಂತು. ವಿದೇಶಿ ಕಂಪನಿಯ ಪಾಲು ಶೇ 40ಕ್ಕೆ ಇಳಿಯಬೇಕು ಎಂಬ ನಿಯಮ ಹಿಡಿದು ಕೂತಿತು. ಕೋಕಾ ಕೋಲಾ ಒಪ್ಪದೆ ಗಂಟುಮೂಟೆ ಕಟ್ಟಿತು. ಆಗ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಲ್ಲಿ ಹುಟ್ಟಿದವರು. ಬಾಯಾರಿದ ದೇಶಕ್ಕೆ ಸರ್ಕಾರವೇ ಒಂದು ಕೋಲಾ ತಂದಿತು. ಹೆಸರು ಡಬಲ್ ಸೆವೆನ್. ಅದರ ಪಾಕ ತಯಾರಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಸರ್ಕಾರ ಬಿತ್ತು, ಡಬಲ್ ಸೆವೆನ್ ಕೂಡ ಬಹಳ ದಿನ ಬಾಳಲಿಲ್ಲ. ನೋಡಿ, ಕೋಲಾ ಓಡಿಸುವ ಕೆಲಸ ಮಂಗಳೂರಿಗೆ ಹೋಯಿತು, ಹೊಸ ಕೋಲಾ ಮಾಡುವ ಕೆಲಸ ಮೈಸೂರಿಗೆ ಹೋಯಿತು. ಬಿಸಿಲಲ್ಲಿ ನಿಂತು ಕುಡಿಯುವ ಕೆಲಸ ಮಾತ್ರ ನಮಗೆ ಬಂತು. ಪ್ರಾದೇಶಿಕ ಅಸಮತೋಲನದ ಲೆಕ್ಕ ಹಾಕಿದ 2002ರ ನಂಜುಂಡಪ್ಪ ವರದಿಯಲ್ಲಿ ಈ ಪ್ರಾದೇಶಿಕ ಅನ್ಯಾಯವನ್ನು ಸೇರಿಸದೇ ಬಿಟ್ಟಿದ್ದು ದೊಡ್ಡ ಲೋಪ.

ನಮ್ಮ ಓಣಿಯ ಹುಡುಗರು ಒಮ್ಮೆ ಪರೀಕ್ಷೆ ಮಾಡಿದರು. ಮೂರು ಸ್ಟೀಲ್ ಗ್ಲಾಸು, ಮೂರು ಕೋಲಾ, ಕಣ್ಣಿಗೆ ಟವೆಲ್. ಥಮ್ಸಪ್ ಬಿಟ್ಟು ಬೇರೆ ಮುಟ್ಟದವನು ಚಪ್ಪರಿಸಿ ಕುಡಿದು, "ಇದ ನೋಡ್ರಲೇ ನಮ್ದು!" ಅಂದ. ಪೆಪ್ಸಿ. "ಸ್ಟೀಲ್ ಗ್ಲಾಸಿನ್ಯಾಗ ರುಚಿ ಕೆಡತೈತಿ" ಅಂತ ತೀರ್ಪನ್ನೇ ತಳ್ಳಿಹಾಕಿದ. ಅವನನ್ನು ನೋಡಿ ನಗುವ ಹಾಗಿಲ್ಲ. ಅಮೆರಿಕದಲ್ಲಿ 1985ರಲ್ಲಿ ಕೋಕಾ ಕೋಲಾ ಕಂಪನಿಯೇ ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ ನೋಡಿ, ಹೊಸ ರುಚಿಯೇ ಚಲೋ ಎಂದು ಅವರಿಂದ ಅನ್ನಿಸಿಕೊಂಡು, ಹಳೆಯದನ್ನು ನಿಲ್ಲಿಸಿತು. ಜನ ರೊಚ್ಚಿಗೆದ್ದರು. ಮೂರು ತಿಂಗಳು ತುಂಬುವ ಮೊದಲೇ ಹಳೆಯದು ವಾಪಸ್.

ಸರ್ಕಾರವೂ ಈ ಪಾನೀಯಕ್ಕೆ ತಕ್ಕ ಗೌರವ ಕೊಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಕೋಲಾಕ್ಕೆ ಶೇ 40 ಜಿಎಸ್‌ಟಿ. ಅದೇ ಸಾಲಿನಲ್ಲಿ ಕ್ಯಾಸಿನೊ, ಕುದುರೆ ರೇಸು, ಐಪಿಎಲ್ ಟಿಕೆಟು, ಖಾಸಗಿ ವಿಮಾನ. ಇಪ್ಪತ್ತು ರೂಪಾಯಿ ಕೊಟ್ಟು ವಿಮಾನ ಇಟ್ಟುಕೊಂಡವರ ಸಾಲಲ್ಲಿ ನಿಲ್ಲುವ ಭಾಗ್ಯ! ಹಿಂದೆ ಇದು ಜಿಎಸ್‌ಟಿ 28 ಮತ್ತು ಸೆಸ್ 12 ಅಂತ ಎರಡು ಚೀಟಿಯಲ್ಲಿತ್ತು. ಈಗ ಒಂದೇ ಚೀಟಿ. ಇದಕ್ಕೆ ಸುಧಾರಣೆ ಅನ್ನುತ್ತಾರೆ.

ಇರಲಿ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಲೆಕ್ಕ ಇರುತ್ತದೆ. ಕೋಕಿನಲ್ಲಿ 100 ಮಿಲಿಗೆ ಸಕ್ಕರೆ ಹತ್ತೂವರೆ ಗ್ರಾಮಿನ ಆಸುಪಾಸು. ನಮ್ಮ ಕಡೆಯವರಿಗೆ ಈ ಅಂಕಿ ಎಲ್ಲೋ ಕೇಳಿದಂತೆ ಇದೆ, ಅಲ್ವಾ? ಕಬ್ಬಿನ ಇಳುವರಿ, ಅಂದರೆ ನೂರು ಕಿಲೋ ಕಬ್ಬು ನುರಿಸಿದರೆ ಸಿಗುವ ಸಕ್ಕರೆ! 2025-26ರ ಹಂಗಾಮಿಗೆ ಕೇಂದ್ರ ಹೇಳಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಶೇ 10.25 ಇಳುವರಿಗೆ ಕ್ವಿಂಟಲ್ಲಿಗೆ 355 ರೂಪಾಯಿ. ಅದಕ್ಕಿಂತ 0.1 ಹೆಚ್ಚಾದಂತೆಲ್ಲ 3 ರೂಪಾಯಿ 46 ಪೈಸೆ ಜಾಸ್ತಿ. ಕೋಲಾವನ್ನು ಟ್ಯಾಂಕರಿನಲ್ಲಿ ತುಂಬಿ ಮುಧೋಳದ ಯಾವುದಾದರೂ ಫ್ಯಾಕ್ಟರಿಗೆ ನುರಿಸಲು ಕಳಿಸಿದರೆ ಇಳುವರಿ ಚಲೋ ಬರುತ್ತದೆ. ತೂಕದಲ್ಲೂ ಮೋಸ ಇರಲಿಕ್ಕಿಲ್ಲ, ಯಾಕೆಂದರೆ ಮಾಲು ರೈತನದಲ್ಲವಲ್ಲ.

ಈಗ ಪೂರ್ತಿ ಲೆಕ್ಕ ಮಾಡಿ. ಒಂದು ಟನ್ ಕಬ್ಬಿನಲ್ಲಿ ಹತ್ತಿರ ಹತ್ತಿರ ಒಂದು ಕ್ವಿಂಟಲ್ ಸಕ್ಕರೆ. ಸಾವಿರ ಲೀಟರ್ ಕೋಲಾದಲ್ಲಿಯೂ ಅಷ್ಟೇ. ಕಾಲು ಲೀಟರಿನ ಬಾಟಲಿಗೆ 20 ರೂಪಾಯಿ ಅಂದರೆ ನಾಲ್ಕು ಸಾವಿರ ಬಾಟಲಿ, 80,000 ರೂಪಾಯಿ. ನಾವು ಕೊಡುತ್ತೇವೆ. ಮೇಲೆ ಎರಡು ರೂಪಾಯಿ ಸೇರಿಸಿಯೇ ಕೊಡುತ್ತೇವೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ರಸ್ತೆಯ ಮೇಲೆ ಕೂತ ರೈತರು ಟನ್ ಕಬ್ಬಿಗೆ ಕೇಳಿದ್ದು 3,500. ಕೊನೆಗೆ ಸರ್ಕಾರ ಮಾತಾಡಿ ಮುಗಿಸಿದ್ದು 3,300ಕ್ಕೆ. ಆ ಇನ್ನೂರು ರೂಪಾಯಿಗೆ ಎಷ್ಟು ಸಭೆ, ಎಷ್ಟು ಕಾರಣ, ಕಾರ್ಖಾನೆಗಳದ್ದು ಎಷ್ಟು ನಷ್ಟದ ಕತೆ. ಕೂತವರಲ್ಲಿ ನನ್ನ ಅಪ್ಪನ ವಯಸ್ಸಿನವರು ಇದ್ದರು. ಚಳಿಯಲ್ಲಿ ಅಲ್ಲೇ ಮಲಗಿದರು. ಅದೇ ವಾರ ಕಾರಿನಲ್ಲಿ ಸಿಕ್ಕಿಹಾಕಿಕೊಂಡ ನಾವು, ಇವರದು ಬರೀ ಇದೇ ಆಯಿತು ಅಂತ ಬೈದೆವು. ಹಾರ್ನ್ ಹೊಡೆದೆವು. ಸಾಕಾಗಿದೆ ನನಗೆ ಈ ಜನ, ಅದರೊಳಗೆ ನಾನೂ.

ಸರಿ, ಕೋಲಾಕ್ಕೇ ಬರೋಣ. ಈಗ ಮೂರನೇ ಪಾರ್ಟಿಯೂ ಬಂದಿದೆ. ಕೋಕ್ ಹೋದ ಕಾಲದಲ್ಲಿ ಮೆರೆದು ಆಮೇಲೆ ಮೂಲೆ ಸೇರಿದ್ದ ಕ್ಯಾಂಪಾವನ್ನು ರಿಲಯನ್ಸ್ ಕೊಂಡು 2023ರಲ್ಲಿ ಮತ್ತೆ ಬಿಟ್ಟಿತು, ಸಣ್ಣ ಬಾಟಲಿಗೆ ಹತ್ತು ರೂಪಾಯಿಯಂತೆ. 'ನಮ್ಮ ದೇಶದ್ದು' ಎಂಬ ಹೊಸ ಬಣವೂ ಹುಟ್ಟಿಕೊಂಡಿದೆ. ಮೊನ್ನೆ ಒಂದು ಲಗ್ನದಲ್ಲಿ ಬೀಗರಿಬ್ಬರೂ ಬುದ್ಧಿವಂತರಿದ್ದರು. ಜಗಳವೇ ಬೇಡ ಎಂದು ಮೂರೂ ಕಂಪನಿಯ ಬಾಟಲಿ ಮೂರು ಟೇಬಲ್ ಮೇಲೆ ಜೋಡಿಸಿದ್ದರು, ಐಸ್ ಡಬ್ಬಿ ಬೇರೆ ಬೇರೆ. ಜನ ಪಾರ್ಟಿ ನೋಡಿಕೊಂಡು ಸಾಲು ಹಚ್ಚಿದರು. ಊಟ ಮುಗಿಸಿದ ಮುದುಕರೊಬ್ಬರು ಬಡಿಸುವ ಹುಡುಗನನ್ನು ಕರೆದು, "ತಮ್ಮಾ, ಒಂದೀಟು ಮಜ್ಜಿಗಿ ತಾರಪಾ" ಅಂದರು.

"ಮಜ್ಜಿಗಿ ಮಾಡಿಸಿಲ್ರಿ ಅಜ್ಜಾರ. ಸ್ಪ್ರೈಟ್ ಕೊಡ್ಲೇನ್ರಿ, ಬೆಳ್ಳಗ ಐತಿ?"