ಉಣುಗಿಗೆ ಎನ್‌ಒಸಿ ಕೊಟ್ಟವರು ಯಾರು?

ನಮ್ಮೂರಿನವರಿಗೆ ನೆಟ್‌ವರ್ಕ್ ಸಿಗುವುದು ಎರಡೇ ಕಡೆ. ಒಂದು, ತೋಟದ ಹಿಂದಿನ ಗುಡ್ಡದ ನೆತ್ತಿ. ಇನ್ನೊಂದು, ತೀರ್ಥಹಳ್ಳಿ ಪೇಟೆ. ಮೂರು ವಾರದಿಂದ ನನ್ನ ಅಕ್ಕನ ಮಗ ಬೆಳಿಗ್ಗೆ ಕಡುಬು ತಿಂದು ಕೈ ತೊಳೆದವನೇ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಗುಡ್ಡ ಹತ್ತುತ್ತಾನೆ. ಹುಡುಗ ತಪಸ್ಸಿಗೆ ಕೂತಿದ್ದಾನೆ ಅಂತ ಊರಲ್ಲಿ ಸುದ್ದಿ. ಸುಳ್ಳೇನಲ್ಲ. ಋಷಿಗಳು ವರಕ್ಕೆ ಕಾಯುತ್ತಿದ್ದರು, ಇವನು ಒಟಿಪಿಗೆ ಕಾಯುತ್ತಿದ್ದಾನೆ.

ಇವನು ಪ್ಯಾರಾಮೆಡಿಕ್. ಏಳು ವರ್ಷದಿಂದ ಆಂಬುಲೆನ್ಸಿನ ಹಿಂದಿನ ಸೀಟೇ ಇವನ ಆಫೀಸು. ಈಗ ಹೆಂಡತಿಗೆ ಪಕ್ಕದ ರಾಜ್ಯದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಆಸ್ಪತ್ರೆಯೊಂದು ಇವನನ್ನೂ ತೆಗೆದುಕೊಳ್ಳಲು ತಯಾರಿದೆ. ಇಲ್ಲಿನ ನೋಂದಣಿಯನ್ನು ಅಲ್ಲಿಗೆ ವರ್ಗ ಮಾಡಿಸಿಕೊಂಡು ಬಂದರೆ ಸಾಕಂತೆ. "ಅಷ್ಟೇ ಅಲ್ವನೋ?" ಅಂದಳು ನಮ್ಮಕ್ಕ. ಪಾಪ, ಅವಳಿಗೆ ಸರ್ಕಾರಿ ಕಚೇರಿ ಅಂದರೆ ವಿಎ ಆಫೀಸು ಅಷ್ಟೇ ಗೊತ್ತು.

ಆ ಕಡೆಯವರು ಹೇಳಿದ್ದು: ನಿಮ್ಮ ರಾಜ್ಯದ ಎನ್‌ಒಸಿ ತಂದರೆ ನೋಂದಣಿ ಮಾಡುತ್ತೇವೆ. ಈ ಕಡೆಯವರು ಹೇಳಿದ್ದು: ಅಲ್ಲಿ ನೋಂದಣಿಗೆ ಅರ್ಜಿ ಹಾಕಿದ ರಶೀದಿ ತಂದರೆ ಎನ್‌ಒಸಿ ಕೊಡುತ್ತೇವೆ. ಆ ಕಡೆ ಅರ್ಜಿ ಹಾಕೋಣ ಅಂದರೆ ಮೊದಲ ಪುಟದಲ್ಲೇ ಎನ್‌ಒಸಿ ನಂಬರ್ ಕೇಳುತ್ತದೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುವ ಗಾದೆ ಮಾಡಿದವನು ಯಾವ ಕಚೇರಿಯ ಮೆಟ್ಟಿಲು ಹತ್ತಿ ಬಂದಿದ್ದನೋ! ಎರಡೂ ಕಚೇರಿಗಳ ಹೆಸರು ನಾನು ಹೇಳುವುದಿಲ್ಲ. ನಮ್ಮಕ್ಕನಿಗೆ ಇನ್ನೂ ಇಬ್ಬರು ಮಕ್ಕಳಿದ್ದಾರೆ.

ಸರಿ, ಹೇಗೋ ಒಂದು ರಶೀದಿ ಹುಟ್ಟಿತು. ಆಮೇಲೆ ಎಲ್ಲ ಜೆರಾಕ್ಸ್‌ಗೂ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು ಅಂದರು. ನಮ್ಮ ಕಡೆ ಕೈಗೆ ಸಿಗುವ ಗೆಜೆಟೆಡ್ ಅಧಿಕಾರಿ ಅಂದರೆ ಪಶುವೈದ್ಯರು. ನಾವು ಹೋದಾಗ ಅವರು ಯಾರದೋ ಕೊಟ್ಟಿಗೆಯಲ್ಲಿ, ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡು, ಕರು ಅಡ್ಡ ಬಿದ್ದ ಎಮ್ಮೆಯ ಹಿಂದೆ ನಿಂತಿದ್ದರು. ನಮ್ಮ ಹುಡುಗ ಪ್ಯಾಂಟ್ ಮಡಚಿ ಕೈಜೋಡಿಸಿದ. ಅರ್ಧ ಗಂಟೆಗೆ ಕರು ಹೊರಗೆ ಬಂತು. ಡಾಕ್ಟ್ರು ಬಿಸಿನೀರಲ್ಲಿ ಕೈ ತೊಳೆದುಕೊಂಡು, ಜಗಲಿಯಲ್ಲಿ ಕೂತು, ಈ ಹುಡುಗ ಮನುಷ್ಯರಿಗೆ ಚಿಕಿತ್ಸೆ ಕೊಡಲು ಕಲಿತದ್ದು ನಿಜ ಅಂತ ಇಪ್ಪತ್ತೆರಡು ಹಾಳೆಗೆ ಸಹಿ ಹಾಕಿದರು. ಅವರೊಬ್ಬರೇ ನೋಡಿ, ಇವನ ಕೆಲಸ ಕಣ್ಣಾರೆ ಕಂಡು ಸಹಿ ಹಾಕಿದವರು.

ಮುಂದಿನದು, ಕೆಲಸದಲ್ಲಿ ಇವನ ಮೇಲೆ ದೂರೇನೂ ಇಲ್ಲ ಅನ್ನುವ 'ಗುಡ್ ಸ್ಟ್ಯಾಂಡಿಂಗ್' ಸರ್ಟಿಫಿಕೇಟು. ಇವನು ಚೆನ್ನಾಗಿ ನಿಂತಿದ್ದಾನೆ ಅಂತ ಸರ್ಕಾರವೇ ಹೇಳಬೇಕಂತೆ. ಆಗುಂಬೆ ಘಾಟಿಯಲ್ಲಿ ಮಣಿಪಾಲಕ್ಕೆ ರೋಗಿಯನ್ನು ಸಾಗಿಸುವಾಗ ಆಂಬುಲೆನ್ಸಿನ ಹಿಂದೆ ಯಾರಾದರೂ ನಿಂತು ನೋಡಿದ್ದೀರಾ? ಒಂದು ತಿರುವಿಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದು ಕೈಯಲ್ಲಿ ಆಕ್ಸಿಜನ್ ಮಾಸ್ಕ್, ಸ್ಟ್ರೆಚರ್ ಜಾರದಂತೆ ಮೊಣಕಾಲು ಅಡ್ಡ. ಜುಲೈ ಮಳೆ, ಮಂಜು, ಎದುರಿಗೆ ಬಸ್ಸು. ಅದರ ಮಧ್ಯೆ ಒಂದು ಸಲ ಹೆರಿಗೆಯೇ ಆಯಿತು. ಮಗುವಿನ ಬಾಯಿ ಒರೆಸಿ, ಅಳಿಸಿ, ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕಿದ್ದು ಇವನೇ. ಅಲ್ಲಿ ಬೀಳದೆ ನಿಂತವನಿಗೆ ಈಗ ನಿಂತಿದ್ದಕ್ಕೆ ಪ್ರಮಾಣಪತ್ರ ತಾ ಅನ್ನುತ್ತಿದ್ದಾರೆ. ಅದಕ್ಕೆ ಬೇರೆ ಫೀಸು.

ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಡ್ರೈವರ್ ಇರುತ್ತಾನಲ್ಲ, ಅವನ ಡಿಎಲ್ ಶಿವಮೊಗ್ಗದಲ್ಲಿ ಮಾಡಿಸಿದ್ದಾದರೂ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ನಡೆಯುತ್ತದೆ. 108 ಅನ್ನುವ ನಂಬರ್ ಗಡಿಯ ಈಚೆಗೂ ಅದೇ, ಆಚೆಗೂ ಅದೇ. ಇನ್ನು ಗಾಡಿ. ಊರೂರಿಗೆ ವರ್ಗ ಆಗುವವರಿಗೆ ತೊಂದರೆ ಆಗಬಾರದು ಅಂತ 2021ರಲ್ಲಿ ಸರ್ಕಾರ ಬಿಎಚ್ ಸರಣಿಯ ನಂಬರ್ ತಂದಿತು. ಎಲ್ಲರಿಗೂ ಸಿಗುವುದಿಲ್ಲ, ಸರ್ಕಾರಿ ನೌಕರರಿಗೆ, ನಾಲ್ಕು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ, ಹೀಗೆ. ಆದರೂ ಕಾರಿಗೆ ಆ ಭಾಗ್ಯ ಬಂತಲ್ಲ. ಹಾಗಾದರೆ ಗಾಡಿ ಇಡೀ ಭಾರತದ್ದು, ಡ್ರೈವರ್ ಇಡೀ ಭಾರತದವನು, ನಂಬರ್ ಎಲ್ಲರದು. ಹಿಂದೆ ಕೂತು ರೋಗಿಯ ನಾಡಿ ಹಿಡಿದವನು ಮಾತ್ರ ಕರ್ನಾಟಕದವನು. ಪಕ್ಕದ ರಾಜ್ಯದವರ ನಾಡಿ ಬೇರೆ ತಾಳದಲ್ಲಿ ಬಡಿಯುತ್ತದೋ ಏನೋ, ನಾನು ಹಿಡಿದು ನೋಡಿಲ್ಲ.

ಅಡಿಕೆಯ ಮಾತು ಬಿಡಿ. ನಮ್ಮ ರಾಶಿ ಉತ್ತರ ಭಾರತದ ಪಾನ್ ಮಸಾಲಾ ಫ್ಯಾಕ್ಟರಿವರೆಗೆ ಹೋಗಿಬರುತ್ತದೆ. ಹೋಗುತ್ತದೆ, ಬರುವುದಿಲ್ಲ. ಇರಲಿ.

ನನಗೆ ಹೊಟ್ಟೆ ಉರಿಯುವುದು ಉಣುಗಿನ ವಿಷಯಕ್ಕೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಊರಿನ ಹೆಸರೇ ಕಾಯಿಲೆಗೆ ಬಂತು. ಅಪ್ಪಟ ಮಲೆನಾಡಿನ ಕಾಯಿಲೆ. ಹಲವು ವರ್ಷ ಮನೆಯಲ್ಲೇ ಇತ್ತು. ಆಮೇಲೆ ನೋಡಿದರೆ ಕೇರಳದ ವಯನಾಡಿನಲ್ಲಿ, ಗೋವಾದ ಸತ್ತರಿಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ! ಎಳ್ಳುಕಾಳಿನಷ್ಟಿರುವ ಉಣುಗು ಮೂರು ರಾಜ್ಯಗಳಲ್ಲಿ ಪ್ರಾಕ್ಟೀಸ್ ಶುರು ಮಾಡಿದೆ. ಡಿಡಿ ತೆಗೆದಿಲ್ಲ, ನೋಟರಿ ಮಾಡಿಸಿಲ್ಲ, ಮಾರ್ಕ್ಸ್ ಕಾರ್ಡ್ ಲಗತ್ತಿಸಿಲ್ಲ. ಕಾಲಿಗೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡು, ಜ್ವರದವರನ್ನು ಕಾಡಂಚಿನ ಮನೆಯಿಂದ ಹೊತ್ತು ತಂದ ಹುಡುಗನಿಗೆ ಮಾತ್ರ ಗಡಿಯಲ್ಲಿ ಗೇಟು. ಕಾಯಿಲೆಗೆ ವರ್ಗಾವಣೆ ಸಲೀಸು, ಮದ್ದು ಕೊಡುವವನದು ಪರಿಶೀಲನೆಯಲ್ಲಿದೆ.

ಅಮೆರಿಕದಲ್ಲೂ ರಾಜ್ಯಕ್ಕೊಂದು ಲೈಸೆನ್ಸ್ ಇದೆ ಅಂತ ಯಾರಾದರೂ ವಾದಕ್ಕೆ ಬಂದಾರು. ಹೌದು, ಇದೆ. ಆದರೆ ಅಲ್ಲಿ ಇಪ್ಪತ್ತಕ್ಕೂ ಜಾಸ್ತಿ ರಾಜ್ಯಗಳು ಕೂತು ಮಾತಾಡಿ, ಒಬ್ಬರ ಪ್ಯಾರಾಮೆಡಿಕ್ ಇನ್ನೊಬ್ಬರ ಗಡಿ ದಾಟಿ ಬಂದು ಕೆಲಸ ಮಾಡಲಿ ಅಂತ ಒಪ್ಪಂದ ಮಾಡಿಕೊಂಡಿವೆ. ನಮ್ಮಲ್ಲೂ ಕಾನೂನಿಗೇನೂ ಬರ ಇಲ್ಲ. 2021ರಲ್ಲೇ ಆಗಿದೆ. ಫಿಸಿಯೋಥೆರಪಿಯವರಿಂದ ಹಿಡಿದು ಲ್ಯಾಬಿನವರ ತನಕ ಎಲ್ಲರಿಗೂ ಒಂದು ರಾಷ್ಟ್ರೀಯ ಆಯೋಗ, ರಾಜ್ಯಕ್ಕೊಂದು ಪರಿಷತ್ತು, ದೇಶಕ್ಕೆಲ್ಲ ಒಂದು ರಿಜಿಸ್ಟರ್. ಪಟ್ಟಿಯಲ್ಲಿ ಪ್ಯಾರಾಮೆಡಿಕ್ ಹೆಸರೂ ಇದೆ, ನಾನೇ ಓದಿದ್ದೇನೆ. ಮೂರು ವರ್ಷ ಕಳೆದರೂ ಕೆಲಸ ಆಗದ್ದು ನೋಡಿ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಕೇಂದ್ರ, ರಾಜ್ಯ ಎರಡರ ಕಿವಿ ಹಿಂಡಿ ಎರಡು ತಿಂಗಳ ಗಡುವು ಕೊಟ್ಟಿತು. ಗಡುವು ಮುಗಿದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ನಮ್ಮ ಹುಡುಗ ಇವತ್ತೂ ಗುಡ್ಡದ ಮೇಲಿದ್ದಾನೆ.

ತಮಾಷೆ ಸಾಕು. 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಅಂಗಳಕ್ಕೆ ಬಂದು ತಟ್ಟೆ ಬಡಿದೆವಲ್ಲ, ಅದು ಇಂಥವರಿಗೇ. ಮುಂದೆ ಇವನು ಪಿಪಿಇ ಕಿಟ್ಟಿನೊಳಗೆ ಬೆಂದ. ಎರಡು ತಿಂಗಳು ಮನೆಗೆ ಬರದೆ ಶೆಡ್ಡಿನಲ್ಲಿ ಮಲಗಿದ. ಹೆಣಗಳನ್ನೂ ಸಾಗಿಸಿದ. ಆಗ ಯಾರೂ ನಿನ್ನ ನೋಂದಣಿ ಯಾವ ರಾಜ್ಯದ್ದು ಅಂತ ಕೇಳಲಿಲ್ಲ. ಬಾ ಮಾರಾಯ, ಬೇಗ ಬಾ ಅಂದರು ಅಷ್ಟೇ. ಈಗ ಕೇಳುತ್ತಾರೆ. ಕೌಂಟರಿನ ಆ ಕಡೆ ಕೂತು, ಮುಖ ಎತ್ತದೆ, ಫೋಟೋದಲ್ಲಿ ಗಡ್ಡ ಇದೆ ಎದುರಿಗೆ ಇಲ್ಲ, ಬೇರೆ ಫೋಟೋ ತಗೊಂಬಾ ಅನ್ನುತ್ತಾರೆ. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ವಾಪಸ್ ರಾತ್ರಿ ಬಸ್ಸು, ಎರಡು ದಿನದ ಸಂಬಳ ಕಟ್. ಒಂದು ಗಡ್ಡಕ್ಕೆ.

ಮೊನ್ನೆ ನಾನೂ ಅವನ ಜೊತೆ ಗುಡ್ಡ ಹತ್ತಿದ್ದೆ. ಎಲ್ಲ ತುಂಬಿ ಕೊನೆಯ ಗುಂಡಿ ಒತ್ತಿ ಒಟಿಪಿಗೆ ಕಾಯುತ್ತಿದ್ದೆವು. ಒಂದು ಕಡ್ಡಿ ನೆಟ್‌ವರ್ಕ್, ಒಮ್ಮೊಮ್ಮೆ ಎರಡು. ಅಷ್ಟರಲ್ಲಿ ಕೆಳಗಿನ ತೋಟದಿಂದ ಕೂಗು. ಅಡಿಕೆ ಕೊನೆ ತೆಗೆಯುತ್ತಿದ್ದವನು ಮರದಿಂದ ಬಿದ್ದಿದ್ದ. ಹುಡುಗ ಲ್ಯಾಪ್‌ಟಾಪ್ ನನ್ನ ತೊಡೆ ಮೇಲಿಟ್ಟು ಓಡಿದ. ನಾನು ಏದುಸಿರು ಬಿಡುತ್ತಾ ಇಳಿಯುವ ಹೊತ್ತಿಗೆ ಅವನು ಎರಡು ಅಡಿಕೆ ದಬ್ಬೆ, ಯಾರದೋ ಪಂಚೆ ಹರಿದು ಕಾಲಿಗೆ ಕಟ್ಟು ಹಾಕಿ, ಕತ್ತು ಅಲುಗದಂತೆ ಹಿಡಿದು, ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ಅವನ ಫೋನಿಗೆ ಎರಡು ಮೆಸೇಜ್ ಒಟ್ಟಿಗೆ ಬಂದು ಬಿದ್ದವು. ಒಂದು ಒಟಿಪಿ. ಇನ್ನೊಂದರಲ್ಲಿ, ಅರ್ಜಿದಾರರು ನಿಗದಿತ ಸಮಯದಲ್ಲಿ ಸ್ಪಂದಿಸದ ಕಾರಣ ಅರ್ಜಿ ರದ್ದಾಗಿದೆ ಅಂತಿತ್ತು.

"ಮಾವ, ನಾಳೆನೂ ಬರ್ತೀರಲ್ಲ?" ಅಂದ, ಸಾರು ಬಡಿಸಿಕೊಳ್ಳುತ್ತಾ. "ಓಡೋ ಹೊತ್ತಿಗೆ ಲ್ಯಾಪ್‌ಟಾಪ್ ಹಿಡ್ಕೊಳ್ಳೋಕೆ ಒಬ್ರು ಬೇಕು."